ಬರೀ ಹುಲ್ಲು

ಹಾಲೆಂಡಿನ ಆಮ್ಸ್ಟೆಲ್‌ವೀನ್‌ನ ನಮ್ಮ ಕಟ್ಟಡಕ್ಕೆ ಎಲ್ಲರಿಗಿಂತ ಮೊದಲು ಬಂದ ಕನ್ನಡಿಗರು ಪಕ್ಕದ ಮನೆಯ ಮೈಸೂರಿನವರು. ಹೊಸಬರು ಯಾರೇ ಸಿಗಲಿ, ಕೊರೊನಾ ಕಾಲದಲ್ಲೂ ಮಾಸ್ಕನ್ನು ಗದ್ದಕ್ಕೆ ಇಳಿಸಿ, ಊರನ್ನೆಲ್ಲ ಒರೆಸಿಹಾಕುವವರಂತೆ ಕೈ ಬೀಸಿ ಹೇಳುತ್ತಿದ್ದರು: "ನಾನು ಬಂದಾಗ ಇಲ್ಲಿ ಏನಿತ್ತು ರೀ? ಬರೀ ಹುಲ್ಲು!" ಟ್ರಾಮ್ ಬಂದದ್ದು, ಅಂಗಡಿಗೆ ಕರಿಬೇವು ಬಂದದ್ದು ಎಲ್ಲವೂ ತಮ್ಮ ಕಾಲ್ಗುಣದಿಂದಲೇ ಎಂಬ ಧಾಟಿ.

ಲಾಕ್‌ಡೌನಿನಲ್ಲಿ ಅವರ ಬಾಲ್ಕನಿಯ ಎದುರಿನ ಹುಲ್ಲುಗಾವಲಿಗೆ ಹೊಸ ಫ್ಲಾಟುಗಳು ಬರುತ್ತವೆಂದು ಬೋರ್ಡು ಬಿತ್ತು. ಅವರು ನಮ್ಮನ್ನೆಲ್ಲ ಅಲ್ಲಿಗೆ ಕರೆದು, ಒಂದೂವರೆ ಮೀಟರ್ ದೂರದೂರ ನಿಲ್ಲಿಸಿ ಭಾಷಣ ಶುರುಮಾಡಿದರು.

"ಕಂಡಕಂಡವರೆಲ್ಲ ಬಂದು ತುಂಬ್ಕೊಂಡ್ರೆ ಊರು ಊರಾಗಿ ಉಳಿಯುತ್ತೇನ್ರೀ? ನಾವು ಬಿಡಬಾರದು!"

ನಾಯಿ ಹಿಡಿದು ಬಂದ ಕೆಳಮನೆಯ ಡಚ್ ಅಜ್ಜಿ ಏನು ಗಲಾಟೆಯೆಂದು ಇಂಗ್ಲಿಷಿನಲ್ಲಿ ಕೇಳಿದರು. ಇವರು ವಿವರಿಸಿದರು. ಅಜ್ಜಿ ತಲೆಯಾಡಿಸಿ ನಮ್ಮ ಕಟ್ಟಡದ ಕಡೆ ಕೈ ತೋರಿಸಿದರು.

"ಅಲ್ಲಿ ನಮ್ಮ ಹಸುಗಳ ಕೊಟ್ಟಿಗೆ ಇತ್ತು. ಇದನ್ನ ಕಟ್ಟೋವಾಗ ನಾವೂ ಹೀಗೇ ಬಂದು ನಿಂತಿದ್ವಿ."

ನಗು ಮುಚ್ಚಿಕೊಳ್ಳಲು ಅಂದು ನಮಗೆಲ್ಲ ಮಾಸ್ಕು ಉಪಯೋಗಕ್ಕೆ ಬಂತು. ಮೈಸೂರಿನವರು ಮಾತ್ರ ತಮ್ಮದನ್ನು ಗದ್ದಕ್ಕೆ ಇಳಿಸಿ, ಕೈ ಬೀಸಿ, ಅಭ್ಯಾಸಬಲದಿಂದ ಅಜ್ಜಿಯನ್ನೂ ಅದನ್ನೇ ಕೇಳಿದರು: "ಅಲ್ಲ ಮೇಡಂ, ನಾನು ಬಂದಾಗ ಇಲ್ಲಿ ಏನಿತ್ತು?"

"ನಾವಿದ್ವಿ," ಎಂದರು ಅಜ್ಜಿ.