ನಿನ್ನ ಗೇಟಿಗೆ ನಂಬರ್ ಪೆಟ್ಟಿಗೆ ಬಂದ ಮೇಲೆ

ಸುಶೀಲಾ, ನಿನ್ನ ಮಗಳು ವೀಣಾ ನೇಣು ಹಾಕಿಕೊಂಡಳು ಎಂಬ ಸುಳ್ಳನ್ನು ಹುಟ್ಟಿಸಿದವಳು ನಾನು. ಊರ ಮಂದಿಯಲ್ಲ — ಪಕ್ಕದ ಮನೆಯ ನಾನು.

ಮೂರನೆಯ ಇಯತ್ತೆ ಓದಿದವಳು, ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ವಿದ್ಯಾನಗರದ ನಿನ್ನ ಮನೆಯ ಕೀಲಿಕೈ ಹನ್ನೊಂದು ವರ್ಷ ನಮ್ಮ ದೇವರ ಮನೆಯ ಮೊಳೆಗೆ ತೂಗುತ್ತಿತ್ತು. ನೀನು ಬೆಳಗಾವಿಗೆ ಹೋಗಿದ್ದಾಗ ವೀಣಾಳಿಗೆ ಡೆಂಗಿ ಜ್ವರ ಏರಿತು. ಆಟೋದಲ್ಲಿ ದವಾಖಾನೆಗೆ ಒಯ್ದವಳು ನಾನೇ. ನೀನು ಬರುವಷ್ಟರಲ್ಲಿ — ಮುಗಿದಿತ್ತು. ಆಮೇಲೆ ಆ ಮನೆಯಲ್ಲಿ ನಿನಗೆ ಇರಲಾಗಲಿಲ್ಲ. ನೀನು ಧಾರವಾಡಕ್ಕೆ ಹೋದೆ, ಮನೆ ಮಾರಲು ದಲ್ಲಾಳಿಗೆ ಹೇಳಿದೆ. ಅವನು ಗೇಟಿಗೆ ಸಣ್ಣದೊಂದು ಕಬ್ಬಿಣದ ಪೆಟ್ಟಿಗೆ ತೂಗುಹಾಕಿದ. ನಂಬರ್ ತಿರುಗಿಸಿದರೆ ತೆರೆಯುತ್ತದೆ, ಒಳಗೆ ಕೀಲಿಕೈ. ಅದರಲ್ಲಿ ಇಡಲೆಂದು ನನ್ನ ಮೊಳೆಯ ಮೇಲಿನದನ್ನು ನೀನು ತೆಗೆದುಕೊಂಡೆ.

“ನಿಮ್ಮ ಮೊಣಕಾಲಿಗೆ ತ್ರಾಸ ಆಗಬಾರದಂತ ಅಕ್ಕಾರ. ದಿನಾ ಮಂದಿ ಬರ್ತಾರ, ಎಷ್ಟ ಸಲ ಏಳ್ತೀರಿ?” ಎಂದೆ ನೀನು.

ನನಗೆ ಕೇಳಿಸಿದ್ದು ಬೇರೆ — ಕಳ್ಳಿಯ ಕೈಯಿಂದ ಕಸಿದುಕೊಂಡಳು ಎಂದು.

ಮೊದಲು ಬಂದವರು ಗಂಡ ಹೆಂಡತಿ. ಫೋನು ನೋಡಿ ನಂಬರ್ ತಿರುಗಿಸಿ, ತಪ್ಪಿ, ಮತ್ತೆ ತಿರುಗಿಸಿ ಒಳಗೆ ಹೋಗಿ ನೋಡಿ ಬಂದರು. ಹೆಂಡತಿ ನಮ್ಮ ಕಟ್ಟೆಯ ಹತ್ತಿರ ನಿಂತಳು.

“ಅಜ್ಜೀ, ಮನಿ ಹೆಂಗ ಐತ್ರಿ?”

“ಆ ಪೆಟ್ಟಿಗೀನ ಕೇಳವಾ. ಎಲ್ಲಾ ಅದಕ್ಕ ಗೊತ್ತೈತಿ.”

ಅವಳು ನಕ್ಕಳು. ಅಲ್ಲಿಗೆ ಬಿಡಬಹುದಿತ್ತು.

“ಮನಿ ಛಲೋನ ಐತಿ. ನಡುಮನಿ ಫ್ಯಾನ್ ಅಷ್ಟ ಬದಲಿ ಮಾಡ್ರಿ. ಇವರ ಹುಡುಗಿ ಅದಕ್ಕ ಉರ್ಲ ಹಾಕ್ಕೊಂಡ್ಲು.”

ಅವಳ ಮುಖ ಬಿಳುಚಿತು. ನನಗೆ ಸಮಾಧಾನವಾಯಿತು — ಹೌದು, ಸಮಾಧಾನ. ಎರಡನೆಯವರಿಗೂ ಹೇಳಿದೆ. ಮೂರನೆಯವರಿಗೆ ಹೇಳುವುದೇ ಬೇಕಾಗಲಿಲ್ಲ, ಕೇಳಿಕೊಂಡೇ ಬಂದಿದ್ದರು.

ಒಂದು ಮಧ್ಯಾಹ್ನ ನೀನೇ ಬಂದೆ. ಬೈಯಲು ಬಂದೆ ಎಂದು ನಾನು ತಿಳಿದೆ. ನೀನು ನನ್ನ ಕೈ ಹಿಡಿದೆ.

“ಅಕ್ಕಾರ, ಆಕಿ ಕೂಡ ನೀವೊಬ್ರ ಇದ್ರಿ. ಖರೇ ಹೇಳ್ರಿ. ಆಕಿ ಉರ್ಲ ಹಾಕ್ಕೊಂಡಿದ್ಲೇನ್ರಿ?”

“ಇಲ್ಲವಾ. ಜ್ವರಾನ.”

“ನನಗ ನೋವಾಗಬಾರದಂತ ಮುಚ್ಚಿಡಾಕತ್ತೀರಿ. ದೊಡ್ಡ ಮನಸು ನಿಮ್ದು ಅಕ್ಕಾರ.”

ಎಂದು ನನ್ನ ಕಾಲು ಮುಟ್ಟಿದೆ. ದವಾಖಾನೆಯ ಕಾಗದ ನಿನ್ನ ಹತ್ತಿರವೇ ಇತ್ತು. ಜ್ವರವೆಂದು ಅದನ್ನೂ ನಾನೇ ಹೇಳಿ ಬರೆಸಿದೆ ಎಂದು ನೀನು ತಿಳಿದಿದ್ದೆ. ಆ ಸುಳ್ಳು ನನ್ನದು ಎಂದು ಆಗ ಹೇಳಬೇಕಿತ್ತು. ಬಾಯಿಯ ತನಕ ಬಂತು — ಚಹಾ ಇಡುತ್ತೇನೆಂದು ಎದ್ದು ಒಳಗೆ ಹೋದೆ.

ನಾಲ್ಕು ವರ್ಷವಾಯಿತು. ‘ಮಗಳಿಗೆ ನಾನು ಏನು ಕಡಿಮೆ ಮಾಡಿದ್ದೆ’ ಎಂದು ನೀನು ಸಿಕ್ಕವರನ್ನೆಲ್ಲ ಕೇಳುತ್ತೀಯಂತೆ. ನೀನು ಏನೂ ಕಡಿಮೆ ಮಾಡಿರಲಿಲ್ಲ, ಸುಶೀಲಾ. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಅವ್ವ ಬಂದ ಮೇಲೆ ಗಿರ್ಮಿಟ್ ತಿನ್ನಬೇಕು ಎಂದಿದ್ದಳು. ಅವಳಿಗೆ ಸಾಯುವ ಮನಸ್ಸಿರಲಿಲ್ಲ.

ಇದನ್ನು ಓದಿಯೂ, ‘ಮುದುಕಿ ನನ್ನ ಸಮಾಧಾನಕ್ಕಾಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು’ ಎಂದು ನೀನು ತಿಳಿದರೆ — ನನ್ನ ಹತ್ತಿರ ಬೇರೆ ಮಾತಿಲ್ಲ.