ಇಪ್ಪತ್ತೆಂಟು ನಿಮಿಷಕ್ಕೊಂದು ಗದ್ಯಭಾಗ

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಣಗಿಸುವ ಯಂತ್ರದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಅರವತ್ತು ಬೆಡ್‌ಶೀಟುಗಳು ಒಂದರ ಮೇಲೊಂದು ಉರುಳಾಡತೊಡಗುತ್ತವೆ. ಹೊರಗೆ ನಿಂತ ಹೆಂಗಸು ಗೋಡೆಯ ಕಡೆ ತಿರುಗುತ್ತಾರೆ. ಗೋಡೆಯ ಮೇಲೆ ಯಾರಿಗೆ ಯಾವ ಪಾಳಿ ಎಂಬ ಪಟ್ಟಿ ಇದೆ. ಅದರ ಪಕ್ಕದ ಮೊಳೆಗೆ, ರೋಗಿಗಳ ಸಾಮಾನು ಹಾಕಿಡುವ ಪ್ಲಾಸ್ಟಿಕ್ ಚೀಲದೊಳಗೆ, ಪುಸ್ತಕದಿಂದ ಕಿತ್ತ ಒಂದು ಹಾಳೆ ನೇತಾಡುತ್ತಿದೆ. ಉಪ್ಪಿನ ವ್ಯಾಪಾರದ ಬಗ್ಗೆ ನಾಲ್ಕು ಪ್ಯಾರಾ, ಕೆಳಗೆ ಎಂಟು ಪ್ರಶ್ನೆ. ಕೈಗಳು ಹಿಂದಿನ ಸುತ್ತಿನ ಬಟ್ಟೆ ಮಡಿಸುತ್ತಿವೆ: ಒದರು, ಮೂಲೆಗೆ ಮೂಲೆ ಕೂಡಿಸು, ಮಡಿಸು, ಇಡು. ಕಣ್ಣು ಉಪ್ಪಿನ ಮೇಲಿದೆ. ಯಂತ್ರ ನಿಲ್ಲಲು ಇಪ್ಪತ್ತೆಂಟು ನಿಮಿಷ. ಅಷ್ಟರೊಳಗೆ ಎಂಟೂ ಪ್ರಶ್ನೆ ಮುಗಿಯಬೇಕು.

ಇಲ್ಲಿ ಎಲ್ಲರೂ ಇವರನ್ನು ಗಡಿಬಿಡಿ ಅಕ್ಕ ಎನ್ನುತ್ತಾರೆ. ನಡೆದರೆ ಅರ್ಧ ಓಟ. ಚಹಾ ಕುಡಿಯುವುದು ನಿಂತುಕೊಂಡೇ. ಮಾತಾಡುತ್ತಿದ್ದರೆ ಕೊನೆಯ ಎರಡು ಶಬ್ದಗಳನ್ನು ನಮ್ಮ ಊಹೆಗೆ ಬಿಟ್ಟು ಆಗಲೇ ಇನ್ನೊಂದು ಕೋಣೆಯಲ್ಲಿರುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾವು ಸಂದರ್ಶನ ಎಂದು ಕರೆಯಬಹುದಾದದ್ದು ನಡೆಯುವುದು ಟ್ರಾಲಿಯ ಹಿಂದೆ ಓಡುತ್ತಲೇ.

"ಇವತ್ತೇನಕ್ಕಾ ಪಾಠ?" ಎಂದು ಇಸ್ತ್ರಿ ಯಂತ್ರದ ಮುಂದಿನಿಂದ ಸಹೋದ್ಯೋಗಿ ಕೂಗುತ್ತಾನೆ.

"ಉಪ್ಪು."

"ಉಪ್ಪಿನ ಬಗ್ಗೆ ನಾಲ್ಕು ಪ್ಯಾರಾ ಬರೆಯೋಕೆ ಏನಿದೆ? ಉಪ್ಪು ಉಪ್ಪಗಿರುತ್ತೆ, ಮುಗೀತು."

"ಸುಮ್ನಿರಪ್ಪ. ಆರನೇ ಪ್ರಶ್ನೇಲಿದೀನಿ."

ಅಕ್ಕನಿಗೆ ನಲವತ್ತೊಂದು ವರ್ಷ. ಹತ್ತನೇ ತರಗತಿ ಮುಗಿಸಿ ಇಪ್ಪತ್ತನಾಲ್ಕು ವರ್ಷವಾಯಿತು, ಈ ನೆಲಮಾಳಿಗೆಗೆ ಬಂದು ಹದಿನೇಳು. ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗಿನ ಪಾಳಿಯಲ್ಲಿ ಇವರ ಕೈ ದಾಟಿ ಹೋಗುವುದು ಮುನ್ನೂರು ಚಿಲ್ಲರೆ ಬೆಡ್‌ಶೀಟು, ನೂರನಲವತ್ತು ದಿಂಬಿನ ಕವರು, ಆಪರೇಷನ್ ಕೋಣೆಯ ಎಂಬತ್ತು ಗೌನು. ಮೇಲಿನ ಮಹಡಿಗಳಲ್ಲಿ ಮಲಗಿದವರಿಗೆ ತಾವು ಯಾರು ಮಡಿಸಿದ ಮಡಿಕೆಯ ಮೇಲೆ ಮಲಗಿದ್ದೇವೆ ಎಂದು ತಿಳಿಯುವುದಿಲ್ಲ. ತಿಳಿಯಬೇಕೆಂದು ಅಕ್ಕನಿಗೂ ಇಲ್ಲ. ಅವರಿಗೆ ಬೇಕಾದದ್ದು ಬೇರೆ: ಊರಿನ ಕಾಲೇಜು ಸಂಜೆ ಹೊತ್ತು ನಡೆಸುವ, ಆಸ್ಪತ್ರೆಗಳಲ್ಲಿ ಸೋಂಕು ತಡೆಯುವುದನ್ನು ಕಲಿಸುವ ಎರಡು ವರ್ಷದ ಡಿಪ್ಲೊಮಾ.

ಸೇರುವ ಮುನ್ನ ಕಾಲೇಜು ಒಂದು ಪರೀಕ್ಷೆ ಇಡುತ್ತದೆ. ಯಾರನ್ನು ಯಾವ ತರಗತಿಗೆ ಹಾಕಬೇಕು ಎಂದು ತೀರ್ಮಾನಿಸುವ ಪರೀಕ್ಷೆ. ಐದು ಗದ್ಯಭಾಗ, ನಲವತ್ತು ಪ್ರಶ್ನೆ, ಒಂದು ಗಂಟೆ. ಓದಿದ್ದು ಅರ್ಥವಾಗಿದೆಯೇ ಎಂದಷ್ಟೇ ನೋಡುತ್ತಾರೆ. ಇಪ್ಪತ್ತಾರು ಬಂದರೆ ನೇರವಾಗಿ ಡಿಪ್ಲೊಮಾ. ಕಡಿಮೆಯಾದರೆ ಮೊದಲು ಒಂದು ವರ್ಷದ ತಯಾರಿ ತರಗತಿ, ಅದು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ಅಂದರೆ ಪಾಳಿ ಬಿಡಬೇಕು, ಅಂದರೆ ಕೆಲಸ ಬಿಡಬೇಕು, ಅಂದರೆ ಆಗುವ ಮಾತಲ್ಲ. ಪರೀಕ್ಷೆ ಬರೆಯಲು ಎರಡೇ ಅವಕಾಶ. ಒಂದು ಕಳೆದಿದೆ. ಇನ್ನೊಂದು ಈ ಶನಿವಾರ.

ಡಿಪ್ಲೊಮಾ ಯಾಕೆ ಎಂದರೆ ಅಕ್ಕ ಮೊದಲ ಬಾರಿಗೆ ಟ್ರಾಲಿ ನಿಲ್ಲಿಸುತ್ತಾರೆ. "ಎರಡು ವರ್ಷದ ಹಿಂದೆ ಒಂದು ವಾರ್ಡಿಂದ ಬರೋ ಬಟ್ಟೆ ಸರಿ ಇರ್ಲಿಲ್ಲ. ಕಲೆಯ ಬಣ್ಣ ಬೇರೆ, ವಾಸನೆ ಬೇರೆ. ಮೂರು ದಿನ ನೋಡಿದೆ, ನಾಲ್ಕನೇ ದಿನ ಮೇಲೆ ಹೋಗಿ ಹೇಳಿದೆ. ಹೂಂ ಅಂದ್ರು. ಹದಿನೈದು ದಿನ ಆದ್ಮೇಲೆ ಅದೇ ವಾರ್ಡು ಮುಚ್ಚಿದ್ರು, ಗಾಯಗಳಿಗೆಲ್ಲ ಸೋಂಕು ಅಂತ. ನಾನು ಹೇಳಿದ್ರೆ ಬಟ್ಟೆಯೋಳು ಏನೋ ಹೇಳಿದ್ಲು ಅಂತಾರೆ. ಅದನ್ನೇ ಸರ್ಟಿಫಿಕೇಟ್ ಇದ್ದೋರು ಹೇಳಿದ್ರೆ ವರದಿ ಅಂತಾರೆ." ಟ್ರಾಲಿ ಮತ್ತೆ ಹೊರಡುತ್ತದೆ.

ಮೊದಲ ಬಾರಿ ಬಂದದ್ದು ಇಪ್ಪತ್ತೊಂದು. ಫಲಿತಾಂಶ ನೋಡಿ ಮನೆಗೆ ಬರುವುದನ್ನು ಬಿಟ್ಟು ಅಕ್ಕ ಕಾಲೇಜಿನ ಕಚೇರಿಗೆ ಹೋದರು, ಉತ್ತರಪತ್ರಿಕೆ ತೋರಿಸಿ ಎಂದರು. ಕೇಳಿದರೆ ತೋರಿಸಬೇಕು ಎಂಬ ನಿಯಮವಿದೆ. ಗುಮಾಸ್ತರು ಹುಡುಕಿ ತೆಗೆದರು. ಎರಡನೇ ಗದ್ಯಭಾಗದ ಎದುರು ಸಾಲಾಗಿ ಆರು ಸೊನ್ನೆ. ಆ ಗದ್ಯಭಾಗದ ವಿಷಯ: ಬಟ್ಟೆ ಒಗೆಯುವುದು.

ಆ ದಿನದ ಮಾತುಕತೆಯನ್ನು ಅಕ್ಕ ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಾರೆ.

"ಇದು ಹೇಗೆ ತಪ್ಪಾಗುತ್ತೆ ಸರ್? ರಕ್ತದ ಕಲೆಗೆ ತಣ್ಣೀರು. ಬಿಸಿನೀರು ಹಾಕಿದ್ರೆ ಅದು ಜನ್ಮದಲ್ಲಿ ಹೋಗಲ್ಲ."

"ಇರಬಹುದಮ್ಮ. ಆದ್ರೆ ಪ್ಯಾಸೇಜಲ್ಲಿ ಎಲ್ಲಾ ಕಲೆಗೂ ಬಿಸಿನೀರು ಅಂತಿದೆ."

"ಹಾಗಾದ್ರೆ ಪ್ಯಾಸೇಜು ತಪ್ಪು."

"ಪ್ಯಾಸೇಜಿಗೆ ಮಾರ್ಕ್ಸ್ ಕೊಡೋದಿಲ್ಲಮ್ಮ. ನಿಮಗೆ ಕೊಡೋದು."

ಪರೀಕ್ಷೆಯ ಕೋಣೆಯಲ್ಲಿದ್ದ ನಲವತ್ತು ಜನರಲ್ಲಿ ಆ ಆರು ಪ್ರಶ್ನೆಗಳ ವಿಷಯ ಕೈಯಾರೆ ಗೊತ್ತಿದ್ದದ್ದು ಬಹುಶಃ ಒಬ್ಬರಿಗೇ. ಬಹುಶಃ ಆರೂ ತಪ್ಪಿದ್ದು ಕೂಡ ಒಬ್ಬರಿಗೇ. "ಓದ್ಲೇ ಇಲ್ಲ ನಾನು," ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. "ಒಗೆಯೋದು ಅಂತ ತಲೆಬರಹ ನೋಡಿದ್ದೇ, ಅಯ್ಯೋ ಇದು ನಮ್ಮನೇದು ಅಂತ ಸೀದಾ ಪ್ರಶ್ನೆಗೆ ಹಾರಿಬಿಟ್ಟೆ."

ಅಂದಿನಿಂದ ಏಳು ತಿಂಗಳು. ಹಳೆ ಪುಸ್ತಕದ ಅಂಗಡಿಯಿಂದ ತಂದ ಅಭ್ಯಾಸ ಪುಸ್ತಕದಲ್ಲಿ ಇನ್ನೂರ ನಲವತ್ತು ಗದ್ಯಭಾಗಗಳಿವೆ. ಹಿಂದಿನ ಒಡೆಯ ಯಾರೋ ಪೆನ್ಸಿಲಿನಲ್ಲಿ ಉತ್ತರ ಗುರುತು ಹಾಕಿಟ್ಟಿದ್ದಾರೆ, ಅರ್ಧಕ್ಕರ್ಧ ತಪ್ಪು. "ಪಾಪ, ಅವರೂ ನನ್ನ ಹಾಗೇ," ಎನ್ನುತ್ತಾರೆ ಅಕ್ಕ. ದಿನಕ್ಕೊಂದು ಹಾಳೆ ಕಿತ್ತು ತಂದು, ಕೆಲಸದ ನಡುವೆ ಓದಿ, ಮತ್ತೆ ಮನೆಗೆ ಒಯ್ಯುತ್ತಾರೆ. ಮನೆಯಲ್ಲಿ ಮೇಷ್ಟ್ರು ಕಾಯುತ್ತಿರುತ್ತಾರೆ.

ಮೇಷ್ಟ್ರು ಎಂದರೆ ಅತ್ತೆ. ಎಪ್ಪತ್ತಮೂರು ವರ್ಷ. ಓದಲು ಬರುವುದಿಲ್ಲ.

ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಒಂದು ಮಂಚ, ಒಂದು ಸ್ಟೂಲು. ಅಕ್ಕನ ಗಂಡ ಡಿಪೋದಲ್ಲಿ ಬಸ್ಸು ತೊಳೆಯುವವರು, ಮಧ್ಯಾಹ್ನ ಕೆಲಸಕ್ಕೆ ಹೊರಡುತ್ತಾರೆ. "ಮಗ ಬಸ್ಸು ತೊಳೀತಾನೆ, ಸೊಸೆ ಆಸ್ಪತ್ರೆ ಬಟ್ಟೆ ತೊಳೀತಾಳೆ," ಎನ್ನುತ್ತಾರೆ ಅತ್ತೆ. "ಈ ಮನೇಲಿ ಪಾತ್ರೆ ತೊಳೆಯೋಕೆ ಮಾತ್ರ ಯಾರೂ ಇಲ್ಲ." ಹಾಗೆನ್ನುತ್ತಲೇ ಸ್ಟೂಲಿನ ಕಡೆ ಬೆರಳು ತೋರಿಸುತ್ತಾರೆ. ಸೊಸೆ ಕೂರುತ್ತಾರೆ. ಕೂತ ಅರ್ಧ ನಿಮಿಷಕ್ಕೆ ಬಲಗಾಲು ಕುಣಿಯತೊಡಗುತ್ತದೆ. ಅತ್ತೆ ಮಂಚದ ಮೇಲಿಂದಲೇ ತಮ್ಮ ಪಾದವನ್ನು ಸೊಸೆಯ ಪಾದದ ಮೇಲೆ ಇಟ್ಟು ಒತ್ತಿ ಹಿಡಿಯುತ್ತಾರೆ. "ಹೂಂ, ಓದು."

ಉಪ್ಪಿನ ಮರುದಿನದ ಗದ್ಯಭಾಗ ಒಂದು ನದಿಯ ಬಗ್ಗೆ. ನದಿಗೆ ಸೇತುವೆ ಕಟ್ಟಿದ್ದು, ದೋಣಿಯವರು ಊರು ಬಿಟ್ಟಿದ್ದು. ಅಕ್ಕ ಗಟ್ಟಿಯಾಗಿ, ರೈಲು ತಪ್ಪಿಹೋಗುತ್ತದೇನೋ ಎಂಬಂತೆ ಓದುತ್ತಾರೆ. ಪ್ರಶ್ನೆ: ದೋಣಿಯವರು ಊರು ಬಿಡಲು ಕಾರಣವೇನು?

"ಸೇತುವೆ ಬಂತಲ್ಲ, ಕೆಲಸ ಹೋಯ್ತು."

"ಹಾಗಂತ ಯಾರು ಹೇಳಿದ್ರು?"

"ಹೇಳೋದೇನು ಅತ್ತೆ, ಗೊತ್ತಾಗುತ್ತಲ್ಲ."

"ನಿನಗೆ ಗೊತ್ತಾಗುತ್ತೆ. ಅವನು ಹೇಳಿದ್ನಾ? ಸೇತುವೆ ಕಟ್ಟೋಕೆ ಮುಂಚಿನ ವರ್ಷವೇ ನೀರು ತಳ ಕಂಡು ದೋಣಿ ಕೂತುಬಿಟ್ವು ಅಂತ ತಾನೇ ನೀನು ಓದಿದ್ದು? ನೀನೇ ಓದ್ತೀಯ, ನೀನೇ ಕೇಳಿಸ್ಕೊಳ್ಳಲ್ಲ."

ಅಕ್ಕ ಹಾಳೆಯ ಮೇಲೆ ಬೆರಳೋಡಿಸುತ್ತಾರೆ. ಮೂರನೇ ಪ್ಯಾರಾ, ಎರಡನೇ ಸಾಲು. ಅತ್ತೆ ಹೇಳಿದ್ದು ಸರಿ.

ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಅತ್ತೆಗೆ ನಗು. ಇಪ್ಪತ್ತೆರಡು ವರ್ಷ ಅವರು ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದರು. ಮೇಲಿನ ಮಹಡಿಯಲ್ಲಿ ಅಣ್ಣ, ಕೆಳಗೆ ತಮ್ಮ, ಇಬ್ಬರ ನಡುವೆ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಇವರ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. "ಮೇಲಿನೋರು ಹೇಳಿದ್ದಕ್ಕೆ ಒಂದು ಮಾತು ನಾನು ಸೇರಿಸಿದ್ರೂ ಕೆಳಗೆ ಜಗಳ. ಒಂದು ಮಾತು ಬಿಟ್ರೂ ಜಗಳ. ಸಿಟ್ಟಲ್ಲಿ ಹೇಳಿದ್ರಾ ಅಂತ ಕೇಳೋರು. ಅದನ್ನ ಹೇಳಿ ಕಳಿಸಿಲ್ಲ ಅಯ್ಯಾ ಅನ್ನೋಳು ನಾನು. ಇವಳಿಗೆ ಆ ಅಭ್ಯಾಸ ಇಲ್ಲ. ಇವಳು ಹೋಗೋ ದಾರೀಲೇ ಅರ್ಧ ಜಗಳ ತಾನೇ ಆಡಿ ಮುಗಿಸ್ತಾಳೆ."

ಸೊಸೆ ಮುಖ ತಿರುಗಿಸಿ ನಗುತ್ತಾರೆ. ಕಾಲು ಅಲುಗುವುದಿಲ್ಲ, ಯಾಕೆಂದರೆ ಅದರ ಮೇಲೆ ಇನ್ನೂ ಅತ್ತೆಯ ಪಾದವಿದೆ.

ಆದರೂ ಅಂಕಗಳು ಒಂದೇ ಕಡೆ ನಿಲ್ಲುತ್ತಿಲ್ಲ. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಕ ಬರೆದಿಟ್ಟ ಈಚಿನ ಭಾನುವಾರಗಳ ಪೂರ್ಣ ಪರೀಕ್ಷೆಗಳ ಲೆಕ್ಕ ಹೀಗಿದೆ: ಇಪ್ಪತ್ನಾಲ್ಕು, ಇಪ್ಪತ್ತೇಳು, ಇಪ್ಪತ್ತೆರಡು, ಇಪ್ಪತ್ತೆಂಟು, ಹತ್ತೊಂಬತ್ತು. ಹತ್ತೊಂಬತ್ತರ ದಿನ ಪುಸ್ತಕವನ್ನು ಮಂಚದ ಕೆಳಗೆ ಎಸೆದಿದ್ದರು. ಅತ್ತೆ ಅದನ್ನು ಪೊರಕೆಯಿಂದ ಎಳೆದು ತೆಗೆದು, ಧೂಳು ಒರೆಸಿ, ಸ್ಟೂಲಿನ ಮೇಲಿಟ್ಟರು. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಅಕ್ಕ. "ಬೈದಿದ್ರೆ ನಾನೂ ನಾಲ್ಕು ಮಾತು ಅಂದು ಆ ಪೀಡೆ ಬಿಟ್ಟುಬಿಡ್ತಿದ್ದೆ."

ಕೆಲಸ ಮಾಡುತ್ತ ಓದಿದರೆ ಹೆಚ್ಚು ಸರಿಯಾಗುತ್ತದೆ, ಕೂತು ಓದಿದರೆ ಕಡಿಮೆ. ಇದನ್ನು ಅಕ್ಕ ತಾವೇ ಕಂಡುಕೊಂಡಿದ್ದಾರೆ. ಕೈಗೆ ಕೆಲಸವಿದ್ದರೆ ತಲೆ ತನ್ನ ಪಾಡಿಗೆ ಸಾಲು ಹಿಡಿದು ಹೋಗುತ್ತದೆ. ಕೈ ಖಾಲಿಯಾದರೆ ತಲೆ ಎದ್ದು ಓಡಾಡಲು ಶುರುಮಾಡುತ್ತದೆ: ಸೋಪು ಮುಗಿದಿದೆ, ಎರಡನೇ ಯಂತ್ರದ ಬೆಲ್ಟು ಸದ್ದು ಮಾಡುತ್ತಿದೆ, ಗಂಡ ಕೊಡೆ ಮರೆತಿದ್ದಾರೆ. ಪರೀಕ್ಷೆಯ ಕೋಣೆಗೆ ಬೆಡ್‌ಶೀಟು ಒಯ್ಯಲು ಬಿಡುವುದಿಲ್ಲವಲ್ಲ ಎಂದು ಇಸ್ತ್ರಿಯವನು ತಮಾಷೆ ಮಾಡಿದ್ದಾನೆ. ಅಕ್ಕ ಅದನ್ನು ನಿಜವಾಗಿಯೂ ಕಚೇರಿಯಲ್ಲಿ ವಿಚಾರಿಸಿದ್ದಾರೆ. ಬಿಡುವುದಿಲ್ಲ.

ಶನಿವಾರ. ಪಾಳಿಗೆ ರಜೆ ಹಾಕಿದ್ದಾರೆ. ಒಂಬತ್ತು ಗಂಟೆ. ಕಾಲೇಜಿನ ಎರಡನೇ ಮಹಡಿಯ ಕೋಣೆಯಲ್ಲಿ ನಲವತ್ತು ಡೆಸ್ಕು, ಗೋಡೆಯಲ್ಲಿ ಒಂದು ಗಡಿಯಾರ. ಸುತ್ತಲೂ ಇರುವವರ ವಯಸ್ಸು ಇವರ ಅರ್ಧ. ಅಕ್ಕ ಕಿಟಕಿಯ ಪಕ್ಕದ ಡೆಸ್ಕಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಎಡಗಾಲನ್ನು ಬಲಗಾಲಿನ ಮೇಲೆ ಒತ್ತಿ ಇಟ್ಟುಕೊಳ್ಳುತ್ತಾರೆ. ಬಾಗಿಲು ಮುಚ್ಚುತ್ತದೆ. ಮುಂದಿನ ಒಂದು ಗಂಟೆ ಏನಾಯಿತು ಎಂಬುದನ್ನು ಅವರೇ ಹೇಳಬೇಕು, ಹೇಳುತ್ತಾರೆ ಕೂಡ, ಮೆಟ್ಟಿಲು ಇಳಿಯುತ್ತ, ಎರಡೆರಡು ಮೆಟ್ಟಿಲು ಹಾರುತ್ತ.

ಮೊದಲ ನಾಲ್ಕು ಗದ್ಯಭಾಗ ಹೇಗೋ ಮುಗಿದವು. ಒಂದು ಗಾಜು ಮಾಡುವ ಬಗ್ಗೆ, ಒಂದು ನಿದ್ದೆಯ ಬಗ್ಗೆ, ಇನ್ನೆರಡು ಈಗಾಗಲೇ ಮರೆತುಹೋಗಿವೆ. ಐದನೆಯದಕ್ಕೆ ಬಂದಾಗ ಹನ್ನೊಂದು ನಿಮಿಷ ಉಳಿದಿತ್ತು. ಅದೊಂದು ಕತೆಯ ತುಣುಕು. ಗಡಿಯಾರ ರಿಪೇರಿ ಮಾಡುವ ಒಬ್ಬ ಕೆಲಸ ಮುಗಿಸಿ ಮನೆಗೆ ಬರುತ್ತಾನೆ. ಬಾಗಿಲ ಹೊರಗೆ ಯಾರದೋ ಒದ್ದೆ ಬೂಟುಗಳಿವೆ. ಬೀಗದ ಕೈ ಅವನ ಜೇಬಿನಲ್ಲೇ ಇದೆ. ಆದರೂ ಅವನು ತನ್ನ ಮನೆಯ ಬಾಗಿಲನ್ನು ತಟ್ಟುತ್ತಾನೆ. ತುಣುಕು ಅಲ್ಲಿಗೆ ಮುಗಿಯುತ್ತದೆ. ಕೊನೆಯ ಪ್ರಶ್ನೆ: ಅವನು ಬಾಗಿಲು ತಟ್ಟಿದ್ದು ಯಾಕೆ? ಭಯದಿಂದ. ಅನುಮಾನದಿಂದ. ಮರ್ಯಾದೆಗಾಗಿ. ಗದ್ಯಭಾಗದಲ್ಲಿ ಹೇಳಿಲ್ಲ.

"ನನಗೆ ಗೊತ್ತಿತ್ತು," ಎನ್ನುತ್ತಾರೆ ಅಕ್ಕ, ಮೆಟ್ಟಿಲ ಮೇಲೆ ನಿಂತುಬಿಟ್ಟು. "ಅನುಮಾನ. ನೂರಕ್ಕೆ ನೂರು ಅನುಮಾನ. ಪೆನ್ಸಿಲು ಅದರ ಮೇಲೇ ಇಟ್ಟಿದ್ದೆ. ಆಮೇಲೆ ಮೊದಲಿಂದ ಓದಿದೆ. ಇಲ್ಲ. ಮತ್ತೆ ಓದಿದೆ. ಎಲ್ಲೂ ಇಲ್ಲ. ನಾಲ್ಕು ನಿಮಿಷ ಅದರಲ್ಲೇ ಹೋಯ್ತು. ಕೊನೆಗೆ ಹೇಳಿಲ್ಲ ಅಂತಾನೇ ಗುರುತು ಹಾಕಿದೆ. ಗೊತ್ತಿದ್ದೂ ಗೊತ್ತಿಲ್ಲ ಅಂತ ಬರೆಯೋದಿದೆಯಲ್ಲ, ಅಷ್ಟು ಕಷ್ಟದ ಕೆಲಸ ನಾನು ಇಷ್ಟು ವರ್ಷದಲ್ಲಿ ಮಾಡಿರ್ಲಿಲ್ಲ."

ಮಂಗಳವಾರ ಮಧ್ಯಾಹ್ನ, ಪಾಳಿ ಮುಗಿಸಿ, ಅಕ್ಕ ಮತ್ತೆ ಕಾಲೇಜಿನ ಕಚೇರಿಯಲ್ಲಿದ್ದಾರೆ. ಗುಮಾಸ್ತರು ಅದೇ ಗುಮಾಸ್ತರು. ಪಟ್ಟಿಯ ಮೇಲೆ ಸ್ಕೇಲು ಇಟ್ಟು ಕೆಳಗಿಳಿಸುತ್ತ ಬರುತ್ತಾರೆ, ನಿಲ್ಲಿಸುತ್ತಾರೆ. "ಇಪ್ಪತ್ತೇಳಮ್ಮ. ಡಿಪ್ಲೊಮಾ, ಸಂಜೆ ತರಗತಿ. ಈ ಫಾರಂ ತುಂಬಿ."

ಅಕ್ಕ ಫಾರಂ ತೆಗೆದುಕೊಳ್ಳುವುದಿಲ್ಲ. ಕೌಂಟರಿನ ಮೇಲೆ ಎರಡೂ ಅಂಗೈ ಊರಿ ಅಲುಗದೆ ನಿಲ್ಲುತ್ತಾರೆ. ಈ ಹೆಂಗಸು ಹೀಗೆ ನಿಂತದ್ದನ್ನು ನೆಲಮಾಳಿಗೆಯಲ್ಲಿ ಯಾರೂ ನೋಡಿರಲಾರರು. ಆಮೇಲೆ ಕೇಳುತ್ತಾರೆ: "ಸರ್, ಕೊನೇ ಪ್ಯಾಸೇಜು ಯಾವ ಪುಸ್ತಕದ್ದು?"

"ಯಾವುದು?"

"ಗಡಿಯಾರದವನದ್ದು. ಬಾಗಿಲು ತಟ್ಟಿದ್ನಲ್ಲ. ಆಮೇಲೇನಾಯ್ತು?"

ಗುಮಾಸ್ತರು ಕನ್ನಡಕ ತೆಗೆಯುತ್ತಾರೆ. ಹನ್ನೊಂದು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ, ಇದನ್ನು ಯಾರೂ ಕೇಳಿಲ್ಲ ಎನ್ನುತ್ತಾರೆ. ಪ್ರಶ್ನೆಪತ್ರಿಕೆ ಬೇರೆ ಕಡೆಯಿಂದ ಬರುತ್ತದೆ, ಅವರು ಎಲ್ಲಿಂದ ಆರಿಸುತ್ತಾರೋ ತಮಗೆ ತಿಳಿಯದು. "ನಮ್ಮ ಲೈಬ್ರರೀಲಿ ಇದ್ರೂ ಇರಬಹುದು. ಅಡ್ಮಿಷನ್ ಆದ್ಮೇಲೆ ಕಾರ್ಡ್ ಕೊಡ್ತಾರೆ. ಆದ್ರೆ ಹೆಸರಿಲ್ಲದೆ ಹೇಗಮ್ಮ ಹುಡುಕ್ತೀರಿ? ಹದಿನಾರು ಸಾವಿರ ಪುಸ್ತಕ ಇದಾವೆ."

ಅಕ್ಕ ಫಾರಂ ಎಳೆದುಕೊಂಡು ಪೆನ್ನಿಗೆ ಕೈ ಚಾಚುತ್ತಾರೆ.

"ಎರಡು ವರ್ಷ ಇಲ್ಲೇ ಇರ್ತೀನಲ್ಲ ಸರ್."