ಹಾಜರಾ ಮಿಸ್ ಕಲಿಸಿದ ಅಪ್ಪ

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಹಾಜರಾ ಮಿಸ್ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಜೆ ಬೀದಿಯಲ್ಲಿ ಸುಮ್ಮನೆ ನಿಂತರೆ ಸಾಕು, ಟ್ಯೂಶನ್ ಮಕ್ಕಳು ಗಂಟಲು ಹರಿಯುವಂತೆ ಇಂಗ್ಲಿಷ್ ವಾಕ್ಯ ಕೂಗುವುದು ಕೇಳಿಸುತ್ತದೆ. ಗಂಡ ಜಲೀಲ್ ಆಟೊ ಓಡಿಸುತ್ತಾನೆ. ದಿನವಿಡೀ ಹಾರನ್ ಕೇಳಿ ಬಂದವನಿಗೆ ಮನೆಯಲ್ಲೂ ಅದೇ ಗಲಾಟೆ. ಪಾಪ, ಒಂದು ದಿನವೂ ತುಟಿಪಿಟಕ್ಕೆಂದವನಲ್ಲ.

ಅವಳು ಕಲಿಸುವ ರೀತಿಯೇ ಬೇರೆ. ಕನ್ನಡದಲ್ಲಿ ಮಗುವಿಗೆ, ಮಗುವಿನಿಂದ ಎಂದು ಬಾಲವನ್ನು ಹೆಸರಿಗೇ ಅಂಟಿಸುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ, ಕ್ರಿಯಾಪದದ ಬೆನ್ನಿಗೆ ಒಂದು ಪುಟ್ಟ ಪದ ಬರಬೇಕು, ಅದೂ ಒಂದೊಂದಕ್ಕೆ ಒಂದೊಂದು. ವೇಟ್ ಅಂದರೆ ಫಾರ್, ಥಿಂಕ್ ಅಂದರೆ ಆಫ್, ಲುಕ್ ಅಂದರೆ ಆಫ್ಟರ್. ಯಾಕೆ ಹಾಗೆ ಎಂದು ಕೇಳಿದವರಿಗೆ, ಅದನ್ನು ಇಂಗ್ಲಿಷಿನವರನ್ನೇ ಕೇಳಿಕೊಂಡು ಬಾ, ಅಲ್ಲಿಯವರೆಗೆ ಬಾಯಿಪಾಠ ಮಾಡು ಎಂಬ ಉತ್ತರ. ಪ್ರತಿ ಮಗುವೂ ಎದ್ದು ನಿಂತು, ಮನೆಯವರು ತನ್ನ ಜೊತೆ ಹೇಗಿದ್ದಾರೆ ಎಂಬುದನ್ನೇ ವಾಕ್ಯ ಮಾಡಿ ಹೇಳಬೇಕು. ಪಕ್ಕದ ಮನೆ ಪುಷ್ಪಮ್ಮನ ಮೊಮ್ಮಗಳು ಅಕ್ಷರಾ ಒಮ್ಮೆ ‘ಮೈ ಗ್ರ್ಯಾಂಡ್‌ಮದರ್ ಶೌಟ್ಸ್ ಅಟ್ ಮಿ’ ಎಂದು ಕೂಗಿ, ಅಜ್ಜಿಯ ಮಾನವನ್ನು ಬೀದಿಗೆ ತಂದಿದ್ದಳು.

ಆ ಮಕ್ಕಳ ಸಾಲಿನಲ್ಲಿ ಅಂಬ್ರೀನ್ ಕೂಡ ಕೂರುತ್ತಿದ್ದಳು. ಹಾಜರಾಳ ತಂಗಿಯ ಮಗಳು. ತಂಗಿ ಹೆರಿಗೆಯಲ್ಲೇ ಹೋಗಿಬಿಟ್ಟಳು. ಅವಳ ಗಂಡ ಮುಸ್ತಕೀಮ್ ಭದ್ರಾವತಿಯವನು, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ವೆಲ್ಡರ್. ಹಸುಗೂಸನ್ನು ಇಟ್ಟುಕೊಂಡು ಆ ಗಂಡಸು ಏನು ಮಾಡಿಯಾನು? ಮಕ್ಕಳಾಗದ ಹಾಜರಾ ಸೆರಗೊಡ್ಡಿದಳು, ಅವನು ಕೊಟ್ಟ. ಕಾಗದವಿಲ್ಲ, ಪತ್ರವಿಲ್ಲ. ಒಳಗಿನವರ ನಡುವೆ ಅದೆಲ್ಲ ಯಾರು ಮಾಡುತ್ತಾರೆ!

ಆದರೆ ಒಂದು ಮಾತನ್ನು ಅವಳ ಅತ್ತೆ ಅಂದೇ ಹೇಳಿದ್ದರು. ಸಾಕಿದ ಮಗುವಿನಿಂದ ಹೆತ್ತ ತಂದೆಯ ಹೆಸರನ್ನು ಮುಚ್ಚಿಡಬಾರದು, ನಮ್ಮಲ್ಲಿ ಅದು ದೊಡ್ಡ ಪಾಪ, ನಾಳೆ ದೇವರ ಮುಂದೆ ಉತ್ತರ ಕೊಡಬೇಕಾಗುತ್ತದೆ ಎಂದು. ಹಾಜರಾ ದೇವರಿಗೆ ಹೆದರುವ ಹೆಂಗಸು. ಮಗು ಮೊದಲ ಸಲ ‘ಅಮ್ಮಿ’ ಎಂದಾಗ ಅದರ ಬಾಯಿ ತಿದ್ದಿ ‘ಖಾಲಾ’ ಎನ್ನಿಸಿದಳು, ಚಿಕ್ಕಮ್ಮ ದೊಡ್ಡಮ್ಮಂದಿರನ್ನು ಕರೆಯುವ ಹಾಗೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಸ್ತಕೀಮ್ ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ. ಇನ್ನೊಂದು ಮದುವೆಯಾದ ಮೇಲೆ ಅದೂ ನಿಂತಿತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸಮುದ್ರವೇನೂ ಇಲ್ಲ, ಬಸ್ಸು ಹತ್ತಿ ಕಣ್ಣು ಮುಚ್ಚುವಷ್ಟರಲ್ಲಿ ಊರು ಬರುತ್ತದೆ. ಬರುವ ಮನಸ್ಸಿರಬೇಕಲ್ಲ. ಅಪ್ಪ ಯಾಕೆ ಬರುವುದಿಲ್ಲ ಎಂದು ಮಗು ಕೇಳಲು ಶುರು ಮಾಡಿದಾಗ, ಬಿಸಾಕಿ ಹೋದ ಎಂಬ ಮಾತು ಹಾಜರಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಆ ಮುಖ ನೋಡಿಕೊಂಡು ಹೇಳುವುದು ಹೇಗೆ? ಸಂಜೆ ಪಾಠದಲ್ಲಿ ಅಂಬ್ರೀನಳ ಸರದಿ ಬಂದಾಗ ಹಾಜರಾಳೇ ವಾಕ್ಯ ಹೇಳಿಕೊಟ್ಟಳು. ‘ಮೈ ಫಾದರ್ ವರ್ಕ್ಸ್ ಫಾರ್ ಮಿ.’ ಮರುದಿನ, ‘ಮೈ ಫಾದರ್ ಥಿಂಕ್ಸ್ ಆಫ್ ಮಿ.’ ಆಮೇಲೆ, ‘ಮೈ ಫಾದರ್ ವೇಟ್ಸ್ ಫಾರ್ ಮಿ.’ ಮಗು ಕಣ್ಣರಳಿಸಿಕೊಂಡು ಕೂಗುತ್ತಿತ್ತು. ವರ್ಷಗಟ್ಟಲೆ ಕೂಗಿತು.

ಪುಷ್ಪಮ್ಮ ಕಾಂಪೌಂಡಿನಾಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ತಡೆಯಲಾರದೆ ಅಂದೇಬಿಟ್ಟರು: “ಮಾರಾಯ್ತಿ, ಅವನು ಅಪ್ಪ ಅಂತ ಹೇಳು, ಬೇಡ ಅನ್ನಲ್ಲ. ಇಲ್ಲದ ಪ್ರೀತೀನೆಲ್ಲ ಯಾಕೆ ಅವನ ತಲೆಗೆ ಕಟ್ತೀಯ?”

ಹಾಜರಾ ನಕ್ಕು ಮಕ್ಕಳ ಕಡೆ ತಿರುಗಿದಳು. ಮಗು ನಗುನಗುತ್ತ ಮಲಗಿದರೆ ಅವಳಿಗೆ ಅಷ್ಟು ಸಾಕಾಗಿತ್ತು.

ಅಂಬ್ರೀನ್ ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಮುಸ್ತಕೀಮನ ಫೋನ್ ಬಂತು. ಮಗಳು ಇನ್ನು ತನ್ನ ಮನೆಯಲ್ಲಿರಲಿ ಎಂದ. ಎರಡನೇ ಹೆಂಡತಿ ಹೆತ್ತಿದ್ದಾಳೆ, ತೊಟ್ಟಿಲು ತೂಗಲು ಒಂದು ಕೈ ಬೇಕಾಗಿದೆ ಎಂದು ಬೀದಿ ಆಡಿಕೊಂಡಿತು. ನಿಜವೋ ಸುಳ್ಳೋ, ಹಾಜರಾಗೆ ಊಟ ಸೇರಲಿಲ್ಲ. ಪೊಲೀಸು, ಕೋರ್ಟು ಎಂದು ಜಲೀಲ್ ಹಾರಾಡಿದ. ಯಾವ ಕೋರ್ಟು? ಅಪ್ಪ ಅವನು, ಇವರು ಯಾರು?

ಕೊನೆಗೆ ಭದ್ರಾವತಿಯಲ್ಲಿ, ಮುಸ್ತಕೀಮನ ಮನೆಯಲ್ಲೇ, ಎರಡೂ ಕಡೆಯ ಹಿರಿಯರು ಕೂತರು. ಟೀ ಬಂತು, ಮಾತು ಬೆಳೆಯಿತು. ಸಾಕಿದವರ ಕರುಳನ್ನೂ ನೋಡಬೇಕು ಎಂದು ಒಬ್ಬರೆಂದರೆ, ರಕ್ತ ರಕ್ತವೇ ಎಂದು ಇನ್ನೊಬ್ಬರು. ಮಾತು ಎಲ್ಲೂ ಮುಟ್ಟದಿದ್ದಾಗ ಹಾಜರಾಳೇ ಎದ್ದು ನಿಂತಳು. “ಮಗೂನೇ ಕೇಳಿ. ಅದು ಏನ್ ಹೇಳುತ್ತೋ ಹಂಗೇ ಆಗ್ಲಿ, ನಾನು ಎರಡು ಮಾತಾಡಲ್ಲ.”

ಎಷ್ಟು ಧೈರ್ಯ ನೋಡಿ ಅವಳಿಗೆ! ಜ್ವರ ಬಂದಾಗ ಎದೆಗವಚಿಕೊಂಡವಳು ತಾನು, ತುತ್ತಿಟ್ಟವಳು ತಾನು. ಮಗು ಓಡಿಬಂದು ಅಪ್ಪಿಕೊಳ್ಳುತ್ತದೆ ಎಂಬುದರಲ್ಲಿ ಅವಳಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಅಂಬ್ರೀನಳನ್ನು ಹಿರಿಯರು ಕರೆದು, ಯಾರ ಹತ್ತಿರ ಇರ್ತೀಯಮ್ಮಾ ಎಂದು ಕೇಳಿದರು. ಮಗು ಒಂದು ಗಳಿಗೆಯೂ ಯೋಚಿಸಲಿಲ್ಲ. “ಅಬ್ಬಾ ಹತ್ರ. ಅವ್ರು ನನಗೋಸ್ಕರ ಎಷ್ಟು ವರ್ಷದಿಂದ ಕಾಯ್ತಾ ಇದಾರೆ. ಖಾಲಾನೇ ಹೇಳಿದ್ದು.” ಹೇಳಿ, ಪಾಠ ಒಪ್ಪಿಸಿದಾಗ ನೋಡುವ ಹಾಗೆಯೇ ಖಾಲಾಳ ಕಡೆ ನೋಡಿತು.

ಮುಸ್ತಕೀಮ್ ತಲೆ ತಗ್ಗಿಸಿದ. ನಾಚಿಕೆಯಾಗಿರಬೇಕು, ಆಗಲಿ. ಹಾಜರಾ ಸರಿ ಎಂಬಂತೆ ಕತ್ತು ಆಡಿಸಿದಳು. ಕೊಟ್ಟ ಮಾತು ಕೊಟ್ಟಾಗಿತ್ತು. ಮರುದಿನ ಜಲೀಲ್ ಮಗುವಿನ ಬಟ್ಟೆಬರೆಯನ್ನೆಲ್ಲ ಆಟೊದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬಂದ. ಆ ವಾರವೆಲ್ಲ ಟ್ಯೂಶನ್ ನಡೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ಅಂಬ್ರೀನ್ ಮಲತಾಯಿಯ ಫೋನಿನಿಂದ ಮಾತಾಡಿದಳು. ಉಂಡೆಯಾ, ಸ್ಕೂಲು ಹೇಗಿದೆ ಎಂದರೆ ಹೂಂ, ಹೂಂ ಎಂದಳು. ಪಾಪು ತುಂಬಾ ಅಳುತ್ತದೆ, ಎತ್ತಿಕೊಂಡು ಎತ್ತಿಕೊಂಡು ಸೊಂಟ ನೋಯುತ್ತದೆ ಎಂದಳು. ಅಬ್ಬಾ ತನ್ನ ಜೊತೆ ಮಾತೇ ಆಡುವುದಿಲ್ಲವಂತೆ. ತಾನು ಎಷ್ಟನೇ ಕ್ಲಾಸು ಎಂದು ಅವರಿಗೆ ಗೊತ್ತಿಲ್ಲವಂತೆ. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಖಾಲಾ, ನಿಜ ಹೇಳು. ಅಬ್ಬಾ ಯಾವತ್ತಾದ್ರೂ ನನ್ನ ಬಗ್ಗೆ ಕೇಳಿದ್ರಾ?”

ಜಲೀಲ್ ಪಕ್ಕದಲ್ಲೇ ಇದ್ದ, ಅವನಿಗೂ ಕೇಳಿಸಿತು. ಇಲ್ಲ ಅನ್ನು, ಇಲ್ಲ ಅನ್ನು ಎಂದು ಕೈಸನ್ನೆ ಮಾಡಿದ. ಒಂದು ‘ಇಲ್ಲ’ ಅಂದರೆ ಮುಗಿಯಿತು, ಮಗು ಅಲ್ಲಿ ನಿಲ್ಲುವುದಿಲ್ಲ, ಅತ್ತು ರಂಪ ಮಾಡಿಯಾದರೂ ಹೊಸಮನೆಗೆ ಬಂದುಬಿಡುತ್ತದೆ. ಹಾಜರಾಗೂ ಅದು ಗೊತ್ತಿತ್ತು. ಅವಳಿಗೆ ಬೇಕಾಗಿದ್ದುದೂ ಅದೇ. ಆದರೆ ಆ ಕಡೆ ಮಗು ಉಸಿರು ಬಿಗಿಹಿಡಿದು, ಹೌದು ಎನ್ನಲಿ ಎಂದೇ ಕಾಯುತ್ತಿದ್ದದ್ದು ಅವಳ ಕಿವಿಗೆ ಕೇಳಿಸುತ್ತಿತ್ತು.

“ದಿನಾ ಕೇಳ್ತಿದ್ರು, ಬೇಟಾ,” ಎಂದಳು. “ಫೋನ್ ಮಾಡಿ ಮಾಡಿ ಕೇಳ್ತಿದ್ರು.”

ಆ ಕಡೆಯಿಂದ ನಿಟ್ಟುಸಿರು ಬಂತು.

“ಹಂಗಾದ್ರೆ ಸರಿ ಖಾಲಾ. ನಾನು ವಾಪಸ್ ಬರ್ತೀನಿ ಅನ್ನೋಕೆ ಫೋನ್ ಮಾಡಿದ್ದೆ. ಬೇಡ, ಇಲ್ಲೇ ಇರ್ತೀನಿ.”